ದಾಸ್ಯವಿಮೋಚನೆಯ ಚಳವಳಿಯಲ್ಲಿ ಹೊಲಿಗೆಯ ಪಾತ್ರ: ಬಾಸ್ಟನ್ನಿನ ಕ್ರಿಸ್ಮಸ್ ಮೇಳಗಳು (೧೮೩೪–೧೮೫೮)

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಮಗಿರಿಯ ನಿರ್ಮೂಲನಕ್ಕಾಗಿ ನಡೆದ ಚಳವಳಿಯ ಇತಿಹಾಸವನ್ನು ಬರೆದವರು ಬಹುಕಾಲ ಭಾಷಣಗಳನ್ನೂ ಪತ್ರಿಕೆಗಳನ್ನೂ ರಾಜಕೀಯ ನಿರ್ಣಯಗಳನ್ನೂ ಮುಖ್ಯ ಆಧಾರಗಳನ್ನಾಗಿ ಹಿಡಿದರು. ವಿಲಿಯಂ ಲಾಯ್ಡ್ ಗ್ಯಾರಿಸನ್ ೧೮೩೧ರಲ್ಲಿ ಆರಂಭಿಸಿದ 'ಲಿಬರೇಟರ್' ಪತ್ರಿಕೆಯನ್ನು ಅರಿಯದ ಇತಿಹಾಸ ವಿದ್ಯಾರ್ಥಿಗಳು ವಿರಳ. ಆದರೆ ಕರಪತ್ರ ಅಚ್ಚಾಗಬೇಕಾದರೆ ಕಾಗದ ಬೇಕು; ಉಪನ್ಯಾಸಕರು ಊರಿಂದೂರಿಗೆ ತಿರುಗಬೇಕಾದರೆ ದಾರಿಯ ಖರ್ಚು ಬೇಕು. ಈ ಹಣ ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ಕೇಳಿದೊಡನೆ ನಾವು ಸಭಾಭವನದಿಂದ ಮನೆಯ ಒಳಕೋಣೆಗೆ ಬರುತ್ತೇವೆ. ಆ ಹಣದ ಗಣನೀಯವಾದೊಂದು ಭಾಗವು ಹೆಂಗಸರು ಕ್ರಿಸ್ಮಸ್ ಉಡುಗೊರೆಗಳಿಗೆಂದು ಕೈಯಾರೆ ಹೊಲಿದು, ಹೆಣೆದು, ಕಸೂತಿ ಹಾಕಿ ಮಾರಿದ ವಸ್ತುಗಳಿಂದ ಒದಗಿತು. ಈಚಿನ ದಶಕಗಳಲ್ಲಿ ಸಂಶೋಧಕರ ಲಕ್ಷ್ಯವನ್ನು ಸೆಳೆದಿರುವ ಈ ಸಂಗತಿಯ ಅರ್ಥವೇನೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಮೊದಲಿಗೆ ಒಂದು ಮಾತು. ಬಾಸ್ಟನ್ ನಗರಕ್ಕೆ ಕ್ರಿಸ್ಮಸ್ ಪುರಾತನ ಹಬ್ಬವಲ್ಲ. ಮ್ಯಾಸಚೂಸೆಟ್ಸ್ ವಸಾಹತನ್ನು ಸ್ಥಾಪಿಸಿದ ಪ್ಯೂರಿಟನ್ ಪಂಥದವರು ಈ ಹಬ್ಬಕ್ಕೆ ಧರ್ಮಗ್ರಂಥದಲ್ಲಿ ಆಧಾರವಿಲ್ಲವೆಂದು ಭಾವಿಸಿದ್ದರು. ೧೬೫೯ರಲ್ಲಿ ಅವರು ಮಾಡಿದ ಕಾನೂನಿನಂತೆ ಹಬ್ಬವನ್ನು ಆಚರಿಸಿದವನು ಐದು ಷಿಲಿಂಗ್ ದಂಡ ತೆರಬೇಕಾಗಿತ್ತು. ೧೬೮೧ರಲ್ಲಿ ಆ ಕಾನೂನು ರದ್ದಾಯಿತಾದರೂ ಹಬ್ಬದ ಬಗೆಗಿನ ಸಂದೇಹ ಬೇಗನೆ ಅಳಿಯಲಿಲ್ಲ. ಡಿಸೆಂಬರ್ ೨೫ಕ್ಕೆ ಆ ಸಂಸ್ಥಾನದಲ್ಲಿ ಸಾರ್ವಜನಿಕ ರಜೆಯ ಮನ್ನಣೆ ದೊರೆತದ್ದು ೧೮೫೬ರಲ್ಲಿ. ಆದ್ದರಿಂದ ೧೮೩೦ರ ದಶಕದಲ್ಲಿ ಉಡುಗೊರೆ ಕೊಡುವ ಪದ್ಧತಿಯು ಅಲ್ಲಿ ಹರಡುತ್ತಿದ್ದಾಗ, ಹಬ್ಬವನ್ನು ಹೇಗೆ ಆಚರಿಸಬೇಕು, ಏನನ್ನು ಕೊಡಬೇಕು ಎಂಬುದು ಇನ್ನೂ ನಿಷ್ಕರ್ಷೆಯಾಗಿರಲಿಲ್ಲ. ಈ ಅನಿಶ್ಚಿತ ಸ್ಥಿತಿಯನ್ನೇ ಗುಲಾಮಗಿರಿ ವಿರೋಧಿ ಸ್ತ್ರೀಯರು ತಮ್ಮ ಕಾರ್ಯಕ್ಕೆ ಬಳಸಿಕೊಂಡರು.

ಬಾಸ್ಟನ್ನಿನ ಸ್ತ್ರೀಯರ ಗುಲಾಮಗಿರಿ ವಿರೋಧಿ ಸಂಘವು ೧೮೩೩ರಲ್ಲಿ ಸ್ಥಾಪಿತವಾಯಿತು. ಮರುವರ್ಷದ ಡಿಸೆಂಬರಿನಲ್ಲಿ ಲಿಡಿಯಾ ಮರಿಯಾ ಚೈಲ್ಡ್ ಮತ್ತು ಲೂಯಿಸಾ ಲೋರಿಂಗ್ ಇವರ ಮುಂದಾಳುತನದಲ್ಲಿ ಮೊದಲ ಮಾರಾಟದ ಮೇಳವು ನಡೆದು ಸುಮಾರು ೩೦೦ ಡಾಲರುಗಳು ಒಟ್ಟಾದವು. ಮುಂದೆ ಮರಿಯಾ ವೆಸ್ಟನ್ ಚಾಪ್ಮನ್ ತನ್ನ ಸೋದರಿಯರೊಡನೆ ಈ ಮೇಳವನ್ನು ವರ್ಷವರ್ಷವೂ ಬೆಳೆಸಿದಳು. ಮೇಳವು ನಡೆಯುತ್ತಿದ್ದುದು ವರ್ಷದಲ್ಲಿ ಕೆಲವೇ ದಿನ. ಅದರ ಸಿದ್ಧತೆ ಮಾತ್ರ ವರ್ಷವಿಡೀ. ಊರೂರುಗಳಲ್ಲಿ ಹೊಲಿಗೆಯ ಕೂಟಗಳು ಸೇರುತ್ತಿದ್ದವು. ಒಬ್ಬಳು ಪತ್ರಿಕೆಯನ್ನು ಗಟ್ಟಿಯಾಗಿ ಓದುವಳು, ಉಳಿದವರು ಕೇಳುತ್ತ ಹೊಲಿಯುವರು. ಮಕ್ಕಳ ಅಂಗಿಗಳು, ಉಣ್ಣೆಯ ಕಾಲುಚೀಲಗಳು, ಕೈಚೀಲಗಳು, ಗುಂಡುಸೂಜಿಯ ಮೆತ್ತೆಗಳು, ಗೊಂಬೆಗಳು ಹೀಗೆ ಸಿದ್ಧವಾಗುತ್ತಿದ್ದವು. ಫಿಲಡೆಲ್ಫಿಯದಲ್ಲಿಯೂ ೧೮೩೩ರಲ್ಲಿಯೇ ಇಂಥ ಸಂಘವೊಂದು ಹುಟ್ಟಿತು. ಅದರಲ್ಲಿ ಲುಕ್ರೀಷಿಯಾ ಮಾಟ್ ಮುಂತಾದ ಬಿಳಿಯ ಸ್ತ್ರೀಯರೊಡನೆ ಷಾರ್ಲಟ್ ಫೋರ್ಟನ್, ಆಕೆಯ ಹೆಣ್ಣುಮಕ್ಕಳು, ಶಿಕ್ಷಕಿ ಸಾರಾ ಮ್ಯಾಪ್ಸ್ ಡಗ್ಲಸ್ ಮೊದಲಾದ ಕರಿಯ ಸ್ತ್ರೀಯರೂ ಆರಂಭದಿಂದಲೇ ಸದಸ್ಯರಾಗಿದ್ದರು. ಆ ಸಂಘವೂ ವರ್ಷಂಪ್ರತಿ ಮೇಳವನ್ನು ನಡೆಸಿತು.

ಮೇಳದ ವಸ್ತುಗಳಲ್ಲಿ ಕೆಲವು ಕೇವಲ ಉಪಯುಕ್ತ ವಸ್ತುಗಳಾಗಿರದೆ ಮಾತನಾಡುವ ವಸ್ತುಗಳಾಗಿದ್ದವು. ಸೂಜಿಗಳನ್ನು ಚುಚ್ಚಿಡುವ ಬಟ್ಟೆಯ ಹೊತ್ತಗೆಯ ಮೇಲೆ, ಸೂಜಿಯ ಮೊನೆಯು ಗುಲಾಮರ ಒಡೆಯನ ಅಂತಃಕರಣವನ್ನು ಚುಚ್ಚಲೆಂಬ ಆಶಯ; ಲೇಖನಿಯ ಮಸಿ ಒರೆಸುವ ಬಟ್ಟೆಯ ಮೇಲೆ, ಗುಲಾಮಗಿರಿಯ ಕಲೆಯನ್ನೂ ಒರೆಸಬೇಕೆಂಬ ಸೂಚನೆ. ೧೮೩೬ರ ಬಾಸ್ಟನ್ ಮೇಳದಲ್ಲಿ ಮಾರಾಟವಾದ ತೊಟ್ಟಿಲ ಕೌದಿಯೊಂದು ಇಂದಿಗೂ ಉಳಿದುಬಂದಿದೆ. ಬಟ್ಟೆಯ ತುಣುಕುಗಳನ್ನು ನಕ್ಷತ್ರಾಕಾರದಲ್ಲಿ ಜೋಡಿಸಿ ಹೊಲಿದ ಅದರ ನಡುವೆ ಅಳಿಯದ ಶಾಯಿಯಲ್ಲಿ ಬರೆದ ಪದ್ಯವಿದೆ. ತನ್ನ ಮಗುವನ್ನು ಅಪ್ಪಿಕೊಂಡ ತಾಯಿ, ಮಗುವನ್ನು ಕಳೆದುಕೊಂಡ ದಾಸಿಯಾದ ತಾಯಿಯನ್ನು ನೆನೆಯಬೇಕೆಂಬುದು ಅದರ ತಾತ್ಪರ್ಯ. ಭಾಷಣವನ್ನು ಕೇಳಿದವನು ಮನೆಗೆ ಹೋಗಿ ಮರೆಯಬಹುದು. ಈ ಕೌದಿಯನ್ನು ಕೊಂಡ ಮನೆಯಲ್ಲಿ ಮಗುವನ್ನು ಮಲಗಿಸುವಾಗಲೆಲ್ಲ ಆ ಮಾತು ಕಣ್ಣಿಗೆ ಬೀಳುತ್ತಿತ್ತು.

ಅಲಂಕಾರದ ವಿಷಯದಲ್ಲಿಯೂ ಈ ಬಳಗದ ಪಾತ್ರ ಗಮನಾರ್ಹವಾಗಿದೆ. ಮೇಳದ ಭವನಗಳನ್ನು ನಿತ್ಯಹಸಿರಿನ ಕೊಂಬೆಗಳಿಂದ ಸಿಂಗರಿಸುತ್ತಿದ್ದರು. ಜರ್ಮನಿಯಿಂದ ರಾಜಕೀಯ ಕಾರಣಗಳಿಗಾಗಿ ವಲಸೆ ಬಂದು ಹಾರ್ವರ್ಡಿನಲ್ಲಿ ಅಧ್ಯಾಪಕನಾಗಿದ್ದ ಚಾರ್ಲ್ಸ್ ಫೋಲನ್ ಗುಲಾಮಗಿರಿಯನ್ನು ಬಹಿರಂಗವಾಗಿ ವಿರೋಧಿಸಿದವನು. ಅವನ ಪತ್ನಿ ಎಲೈಜಾ ಸ್ತ್ರೀಯರ ಸಂಘದ ಪ್ರಮುಖಳು. ೧೮೩೫ರ ವರ್ಷಾಂತ್ಯದಲ್ಲಿ ಈ ದಂಪತಿಗಳು ತಮ್ಮ ಮಗನಿಗಾಗಿ ಸಿದ್ಧಪಡಿಸಿದ ಮರವನ್ನು ಇಂಗ್ಲಿಷ್ ಲೇಖಕಿ ಹ್ಯಾರಿಯೆಟ್ ಮಾರ್ಟಿನೋ ಕಂಡು, ೧೮೩೮ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾಳೆ. ಏಳು ಡಜನ್ ಮೇಣದಬತ್ತಿಗಳು, ಚಿನ್ನದ ಬಣ್ಣ ಹಚ್ಚಿದ ಮೊಟ್ಟೆಬಟ್ಟಲುಗಳು, ಮಿಠಾಯಿ ತುಂಬಿದ ಬಣ್ಣದ ಕಾಗದದ ಪೊಟ್ಟಣಗಳು — ಇವು ಅದರ ಒಡವೆಗಳು. ನ್ಯೂ ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ ಮರವನ್ನು ಕುರಿತ ಪ್ರಾಚೀನ ವರ್ಣನೆಗಳಲ್ಲಿ ಇದು ಒಂದು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಜನಜಂಗುಳಿಯು ಸ್ತ್ರೀಯರ ಸಂಘದ ಸಭೆಯನ್ನು ಚದುರಿಸಿ ಗ್ಯಾರಿಸನ್ನನನ್ನು ಬೀದಿಯಲ್ಲಿ ಎಳೆದಾಡಿತ್ತೆಂಬುದನ್ನು ನೆನೆದರೆ, ಆ ಮರವನ್ನು ಸಿಂಗರಿಸಿದ ಕೈಗಳ ಸ್ಥೈರ್ಯ ಅರಿವಾಗುತ್ತದೆ.

ಇಷ್ಟು ದೊಡ್ಡ ಕಾರ್ಯಕ್ಕೆ ಸೂಜಿಯನ್ನೇ ಸಾಧನವಾಗಿ ಆರಿಸಿಕೊಂಡುದೇಕೆ? ಉತ್ತರವು ಅಂದಿನ ಸ್ತ್ರೀಯರ ಸ್ಥಿತಿಯಲ್ಲಿದೆ. ಅವರಿಗೆ ಮತದಾನದ ಹಕ್ಕಿರಲಿಲ್ಲ. ಆಗಿನ ಸಾಮಾನ್ಯ ಕಾನೂನಿನ ಪ್ರಕಾರ ವಿವಾಹಿತೆಯ ಗಳಿಕೆ ಪತಿಯದು. ಮ್ಯಾಸಚೂಸೆಟ್ಸ್‌ನಲ್ಲಿ ಈ ಸ್ಥಿತಿ ಗಣನೀಯವಾಗಿ ಬದಲಾದುದು ೧೮೫೫ರ ಶಾಸನದಿಂದ. ಹೀಗಿರುವಾಗ ಬಿಡುವಿನ ವೇಳೆ ಮತ್ತು ಹೊಲಿಗೆಯ ಕೌಶಲ ಇವೆರಡೇ ಹೆಂಗಸು ಯಾರನ್ನೂ ಕೇಳದೆ ಕೊಡಬಹುದಾಗಿದ್ದ ಸ್ವತ್ತು. ಅಲ್ಲದೆ ಹೊಲಿಗೆಯನ್ನು ಯಾವ ಪಾದ್ರಿಯೂ ಆಕ್ಷೇಪಿಸುವಂತಿರಲಿಲ್ಲ. ೧೮೩೭ರಲ್ಲಿ ಮ್ಯಾಸಚೂಸೆಟ್ಸ್‌ನ ಧರ್ಮಬೋಧಕರು ಸ್ತ್ರೀಯರು ಸಭೆಗಳಲ್ಲಿ ಮಾತನಾಡುವುದನ್ನು ಖಂಡಿಸಿ ಪತ್ರವೊಂದನ್ನು ಹೊರಡಿಸಿದರು. ಉಡುಗೊರೆ ಹೊಲಿಯುವುದನ್ನು ಹಾಗೆ ಖಂಡಿಸಲು ಅವರಿಗೆ ಸಾಧ್ಯವಿರಲಿಲ್ಲ. ಆದರೆ ಮೇಳಕ್ಕಾಗಿ ಭವನವನ್ನು ಬಾಡಿಗೆಗೆ ಹಿಡಿಯುವುದು, ಜಾಹೀರಾತು ಬರೆಯುವುದು, ಲೆಕ್ಕವಿಡುವುದು, ಬಂದ ಹಣದ ವಿನಿಯೋಗವನ್ನು ಚರ್ಚಿಸುವುದು ಇವೆಲ್ಲ ಸಾರ್ವಜನಿಕ ಕಾರ್ಯಗಳೇ. ಮನೆಯ ಕೆಲಸವೆಂದು ಆರಂಭವಾದುದು ರಾಜಕೀಯ ಶಿಕ್ಷಣವಾಯಿತು. ೧೮೪೦ರ ಲಂಡನ್ ಸಮ್ಮೇಳನದಲ್ಲಿ ಪ್ರತಿನಿಧಿಸ್ಥಾನವನ್ನು ನಿರಾಕರಿಸಲ್ಪಟ್ಟ ಲುಕ್ರೀಷಿಯಾ ಮಾಟ್, ೧೮೪೮ರಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ನಡೆದ ಸ್ತ್ರೀಯರ ಹಕ್ಕಿನ ಸಮಾವೇಶದ ಮುಂದಾಳುಗಳಲ್ಲಿ ಒಬ್ಬಳಾದುದು ಆಕಸ್ಮಿಕವಲ್ಲ.

ಈ ಚಿತ್ರವನ್ನು ನಿಷ್ಕಳಂಕವೆಂದು ನಾವು ಹೇಳಲಾರೆವು. ಅಂದಿನ ಅಮೆರಿಕದ ಮನೆಗಳಲ್ಲಿ ಹೊಲಿಗೆಗೆ ಬಳಕೆಯಾಗುತ್ತಿದ್ದ ಹತ್ತಿಬಟ್ಟೆ ಬಹುಮಟ್ಟಿಗೆ ಯಾರ ಬೆವರಿನಿಂದ ಬೆಳೆದುದು? ದಕ್ಷಿಣದ ಗುಲಾಮರದೇ. ಈ ವಿರೋಧವನ್ನು ತೀವ್ರವಾಗಿ ಮನಗಂಡ ಮಾಟ್ ಗುಲಾಮರು ಬೆಳೆದ ಹತ್ತಿಯನ್ನೂ ಸಕ್ಕರೆಯನ್ನೂ ವರ್ಜಿಸಿದಳು. ಆಕೆಯ ಪತಿಯು ಹತ್ತಿಯ ವ್ಯಾಪಾರವನ್ನೇ ಬಿಟ್ಟು ಉಣ್ಣೆಯ ವ್ಯಾಪಾರಕ್ಕೆ ಇಳಿದನು. ಸ್ವತಂತ್ರರು ಬೆಳೆದ ಹತ್ತಿಯ ಬಟ್ಟೆ ದುರ್ಲಭವಾಗಿದ್ದುದರಿಂದ ಈ ವ್ರತವನ್ನು ಪಾಲಿಸಿದವರು ಅಲ್ಪಸಂಖ್ಯಾತರು. ಮತ್ತೊಂದು ಸಂಗತಿ: ೧೮೩೦ರ ಸುಮಾರಿನಲ್ಲಿ ಅದೇ ಫಿಲಡೆಲ್ಫಿಯದ ಪ್ರಕಾಶಕ ಮ್ಯಾಥ್ಯೂ ಕೇರಿ, ಕೂಲಿಗೆ ಹೊಲಿಯುವ ಬಡ ಹೆಂಗಸರು ತಮ್ಮ ಸಂಪಾದನೆಯಿಂದ ಹೊಟ್ಟೆ ಹೊರೆಯಲಾರರೆಂದು ಲೆಕ್ಕಸಹಿತ ತೋರಿಸಿದನು. ಬಿಡುವಿದ್ದವಳ ಸೂಜಿ ಧರ್ಮಕಾರ್ಯಕ್ಕೆ ದುಡಿದರೆ, ಬಿಡುವಿಲ್ಲದವಳ ಸೂಜಿಗೆ ಅನ್ನವೂ ಹುಟ್ಟುತ್ತಿರಲಿಲ್ಲ.

ಮೇಳದ ಯಶಸ್ಸೇ ಅದರ ಸ್ವರೂಪವನ್ನು ಬದಲಿಸಿತು. ೧೮೪೦ರಲ್ಲಿ ಚಳವಳಿ ಒಡೆದು ಎರಡಾದಾಗ ಬಾಸ್ಟನ್ನಿನ ಸ್ತ್ರೀಯರೂ ಎರಡು ಪಂಗಡಗಳಾದರು. ಗ್ಲಾಸ್ಗೋ, ಎಡಿನ್‌ಬರೋ, ಡಬ್ಲಿನ್, ಬ್ರಿಸ್ಟಲ್ ನಗರಗಳ ಸ್ತ್ರೀಯರು ಪೆಟ್ಟಿಗೆಗಟ್ಟಲೆ ವಸ್ತುಗಳನ್ನು ಕಳುಹಿಸಿದರು. ೧೮೪೮ರಿಂದ ೧೮೫೫ರವರೆಗೆ ಯೂರೋಪಿನಲ್ಲಿದ್ದ ಚಾಪ್ಮನ್ ಅಲ್ಲಿಂದ ಬೆಡಗಿನ ಸಾಮಗ್ರಿಗಳನ್ನು ಕಳುಹಿಸಿಕೊಟ್ಟಳು. ಮೇಳದಲ್ಲಿ ಮಾರಲೆಂದು ಅವಳು ೧೮೩೯ರಿಂದ ಸಂಪಾದಿಸುತ್ತಿದ್ದ 'ಲಿಬರ್ಟಿ ಬೆಲ್' ಎಂಬ ಉಡುಗೊರೆ ಪುಸ್ತಕಕ್ಕೆ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗಳಂಥ ಕವಯಿತ್ರಿಯೂ ಬರೆದಳು. ಬಂದ ಹಣ ಹೆಚ್ಚಿತು; ಆದರೆ ಹಳ್ಳಿಯ ಕೂಟದಲ್ಲಿ ಹೆಣೆದ ಕಾಲುಚೀಲವು ಪ್ಯಾರಿಸಿನ ಸಾಮಗ್ರಿಯ ಪಕ್ಕದಲ್ಲಿ ಮಂಕಾಯಿತು. ಕಡೆಗೆ ೧೮೫೮ರಲ್ಲಿ ಚಾಪ್ಮನ್ ಮೇಳವನ್ನು ನಿಲ್ಲಿಸಿ, ಆಹ್ವಾನಿತರಿಂದ ನೇರವಾಗಿ ಚಂದಾ ಎತ್ತುವ ಸಂಜೆಕೂಟವನ್ನು ಏರ್ಪಡಿಸಿದಳು. ಲೆಕ್ಕದ ದೃಷ್ಟಿಯಿಂದ ಅದು ಸುಲಭವಾದ ದಾರಿ. ಆದರೆ ಚಂದಾ ಕೊಡಲು ಕೈಯಲ್ಲಿ ಹಣವಿರಬೇಕು; ಹೊಲಿಯಲು ಅದು ಬೇಕಾಗಿರಲಿಲ್ಲ. ಹಣವಿಲ್ಲದ ಹೆಂಗಸಿಗೆ ಚಳವಳಿಯಲ್ಲಿದ್ದ ಸ್ಥಾನವು ಈ ಮಾರ್ಪಾಟಿನಿಂದ ಕಿರಿದಾಯಿತೆಂದು ನಾವು ಭಾವಿಸುತ್ತೇವೆ.

ಗುಲಾಮಗಿರಿಯು ಸಂವಿಧಾನದ ೧೩ನೆಯ ತಿದ್ದುಪಡಿಯಿಂದ ೧೮೬೫ರಲ್ಲಿ ಕೊನೆಗೊಂಡಿತು. ಅದಕ್ಕೆ ಯುದ್ಧವೂ, ದಾಸ್ಯದಿಂದ ತಪ್ಪಿಸಿಕೊಂಡು ಬಂದವರ ಧೈರ್ಯವೂ, ರಾಜಕೀಯ ಸಂಘರ್ಷವೂ ಕಾರಣವಾದವು. ಸೂಜಿಯೊಂದೇ ಅದನ್ನು ಸಾಧಿಸಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೂ ಜನಾಭಿಪ್ರಾಯವು ವಿರುದ್ಧವಾಗಿದ್ದ ವರ್ಷಗಳಲ್ಲಿ ಚಳವಳಿಯು ಉಸಿರು ಹಿಡಿದು ಬದುಕಿದುದಕ್ಕೆ ಈ ಮೇಳಗಳು ಮುಖ್ಯ ಆಧಾರವಾಗಿದ್ದವು. ಭಾಷಣಕಾರರ ಹೆಸರುಗಳು ಗ್ರಂಥಗಳಲ್ಲಿ ಉಳಿದವು. ಕಾಲುಚೀಲ ಹೆಣೆದವರಲ್ಲಿ ಬಹುಮಂದಿಯ ಹೆಸರು ಉಳಿಯಲಿಲ್ಲ. ಬಳಸಿ ಸವೆಯುವ ವಸ್ತುವನ್ನು ಮಾಡಿದವರ ಗತಿಯೇ ಅದು. ಆದ್ದರಿಂದ ಇತಿಹಾಸದ ವಿದ್ಯಾರ್ಥಿಯು ಯಾವುದೇ ಚಳವಳಿಯನ್ನು ಅಭ್ಯಸಿಸುವಾಗ ಅಲ್ಲಿ ಏನನ್ನು ನುಡಿದರೆಂಬುದರ ಜೊತೆಗೆ, ಅದರ ವೆಚ್ಚವನ್ನು ಯಾರು ಯಾವ ದುಡಿಮೆಯಿಂದ ತುಂಬಿದರೆಂಬುದನ್ನೂ ಕೇಳಬೇಕು. ಆಯವ್ಯಯದ ಪಟ್ಟಿ, ಮೇಳದ ಜಾಹೀರಾತು, ಹಳೆಯ ಕೌದಿ ಇವೂ ದಾಖಲೆಗಳೇ.