ಹಸಿರು ಚಹಾ ಮಾಡಿದ ರೈತ



ಹಸಿರು ಚಹಾಕ್ಕೆ ಬೇರೆಯೇ ಗಿಡ ಇದೆ ಎಂದು ಅನೇಕರ ತಿಳುವಳಿಕೆ. ಹಾಗಲ್ಲ. ನಾವು ಹಾಲು, ಬೆಲ್ಲ ಹಾಕಿ ಕುದಿಸುವ ಚಹಾಪುಡಿಯೂ ಅದೇ ಗಿಡದ್ದು. ಹೆಚ್ಚಿಟ್ಟ ಬದನೆಕಾಯಿ ಗಾಳಿ ತಾಗಿ ಕಪ್ಪಾಗುತ್ತದಲ್ಲ, ಹಾಗೆಯೇ ಚಹಾದ ಚಿಗುರನ್ನು ಬಾಡಿಸಿ, ಹೊಸಕಿ, ಕಪ್ಪಾಗಲು ಬಿಟ್ಟರೆ ಕಪ್ಪು ಚಹಾ. ಕಿತ್ತ ಮೇಲೆ ತಡಮಾಡದೆ ಕಾವು ಕೊಟ್ಟು ಅದನ್ನು ತಡೆದರೆ ಹಸಿರು ಚಹಾ.

ಈ ವಿದ್ಯೆ ಚೀನಾ ದೇಶದ್ದು. ಜಪಾನಿನ ಐಸಾಯ್ ಎಂಬ ಬೌದ್ಧ ಸನ್ಯಾಸಿ 1191ರಲ್ಲಿ ಅಲ್ಲಿಂದ ಮರಳುವಾಗ ಚಹಾಬೀಜ ತಂದನು. 1211ರಲ್ಲಿ ಚಹಾದ ಗುಣವನ್ನು ಹೊಗಳಿ ಒಂದು ಗ್ರಂಥವನ್ನೇ ಬರೆದನು. ಆದರೆ ಒಳ್ಳೆಯ ಚಹಾ ದೊರೆಗಳಿಗೂ ಮಠಗಳಿಗೂ ಮೀಸಲಾಯಿತು. ಊಜಿ ಎಂಬಲ್ಲಿ ಗಿಡಗಳಿಗೆ ಹುಲ್ಲಿನ ಚಪ್ಪರ ಹಾಕಿ ನೆರಳಲ್ಲಿ ಬೆಳೆಯುತ್ತಿದ್ದರು. ಹಾಗೆ ಬೆಳೆಯಲು ಅಪ್ಪಣೆ ಇದ್ದದ್ದು ಕೆಲವರಿಗೆ ಮಾತ್ರ. ಉಳಿದ ರೈತರಿಗೆ ಒರಟು ಎಲೆ ಕುದಿಸಿದ ಕಂದು ನೀರೇ ಗತಿ. ಸಣ್ಣಕ್ಕಿ ಬೆಳೆದು ಮಾರಿ, ರಾಗಿಮುದ್ದೆ ಉಂಡ ನಮ್ಮವರಿಗೆ ಇದೇನು ಹೊಸದಲ್ಲ ಬಿಡಿ!

ಅದೇ ಸೀಮೆಯ ಯುಯಾದಾನಿ ಹಳ್ಳಿಯಲ್ಲಿ ನಾಗತಾನಿ ಸೋಯೆನ್ ಎಂಬ ರೈತನಿದ್ದನು. ಚಪ್ಪರವಿಲ್ಲದೆ, ಬಿಸಿಲಲ್ಲಿ ಬೆಳೆದ ಗಿಡದಿಂದಲೇ ಒಳ್ಳೆಯ ಚಹಾ ಮಾಡಬೇಕೆಂದು ಹಟ ಹಿಡಿದನು. 15 ವರ್ಷ ದುಡಿದನೆಂದು ಪ್ರತೀತಿ. ಎಳೆಯ ಚಿಗುರನ್ನೇ ಆರಿಸಿ, ಇಡ್ಲಿ ಬೇಯಿಸುವಂತೆ ಹಬೆಯಲ್ಲಿಟ್ಟು, ಆಮೇಲೆ ಕೆಂಡದ ಒಲೆಯ ಮೇಲಿನ ತಟ್ಟೆಯಲ್ಲಿ ಅಂಗೈಯಿಂದ ಹೊಸೆಯುತ್ತ ಹೊಸೆಯುತ್ತ ಒಣಗಿಸಿದನು. ಎಲೆ ಹಸಿರಾಗಿಯೇ ಉಳಿಯಿತು, ಪರಿಮಳವೂ ಉಳಿಯಿತು. 1738ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅದನ್ನು ಎದೋ ಪಟ್ಟಣಕ್ಕೆ, ಅಂದರೆ ಈಗಿನ ಟೋಕಿಯೋಗೆ, ಒಯ್ದನು. ಅಲ್ಲಿಯ ಯಾಮಾಮೊತೊ ಕಾಹೇ ಎಂಬ ವರ್ತಕ ಕೊಂಡನು. ಮಾರಾಟ ಚೆನ್ನಾಗಿ ಕುದುರಿತು. ಸೋಯೆನ್ ಮಾತ್ರ ಆ ವಿದ್ಯೆಯನ್ನು ಬಚ್ಚಿಡಲಿಲ್ಲ, ನೆರೆಯವರಿಗೆಲ್ಲ ಹೇಳಿಕೊಟ್ಟನೆಂದು ಆ ಕಡೆಯವರು ಇಂದಿಗೂ ನೆನೆಯುತ್ತಾರೆ. ಜಪಾನಿನ ಮನೆಮನೆಯಲ್ಲಿ ಕುಡಿಯುವ ‘ಸೆಂಚಾ’ ಬೆಳೆದದ್ದು ಈ ದಾರಿಯಿಂದ.

ಇನ್ನು ಮಾಡುವ ಬಗೆ. ಇದನ್ನು ನಮ್ಮ ಚಹಾದಂತೆ ಕುದಿಸಬೇಡಿ, ಕಹಿಯಾಗುತ್ತದೆ. ನೀರು ಮರಳಿದ ಮೇಲೆ ಇಳಿಸಿ, ಐದು ನಿಮಿಷ ಆರಲು ಬಿಡಿ. ಲೋಟಕ್ಕೆ ಒಂದು ಸಣ್ಣ ಚಮಚೆ ಎಲೆ ಹಾಕಿ ಆ ನೀರು ಹೊಯ್ದು, ಒಂದೆರಡು ನಿಮಿಷ ಮುಚ್ಚಿಟ್ಟು ಸೋಸಿ. ಹಾಲು ಬೇಡ. ಅದೇ ಎಲೆ ಇನ್ನೊಂದು ಸಲಕ್ಕೂ ಬರುತ್ತದೆ.

ಐಸಾಯ್ ಹೊಗಳಿದನೆಂದು ಇದನ್ನು ಔಷಧಿ ಎಂದುಕೊಳ್ಳಬೇಡಿ. ಸಕ್ಕರೆ ಇಲ್ಲದೆ ಕುಡಿದರೆ ಸಕ್ಕರೆ ಉಳಿಯಿತು, ದೇಹಕ್ಕೂ ಹಗುರ. ಅದೇ ದೊಡ್ಡ ಲಾಭ. ಒಂದು ಎಚ್ಚರಿಕೆ: ಚಹಾದ ಒಗರು, ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ. ರಕ್ತ ಕಡಿಮೆ ಇರುವವರು, ಬಸುರಿಯರು ಊಟದ ಜೊತೆಗೆ ಕುಡಿಯಬಾರದು. ಉಂಡು ಒಂದು ಗಂಟೆಯಾದರೂ ಕಳೆಯಲಿ.