ಲೇಕಾಕ್‌ನ ಕಿಟಕಿ ಮತ್ತು ಛಾಯೆಯ ಮೂಲಪ್ರತಿ

ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯ ಲೇಕಾಕ್ ಹಳ್ಳಿಯಲ್ಲಿ, ಪುರಾತನ ಮಠವೊಂದರ ಹೆಬ್ಬಾಗಿಲ ಬಳಿ 16ನೆಯ ಶತಮಾನದ ಕಣಜವಿದೆ. ಫಾಕ್ಸ್ ಟಾಲ್ಬಟ್ ಹೆಸರಿನ ಛಾಯಾಗ್ರಹಣ ವಸ್ತುಸಂಗ್ರಹಾಲಯ ನೆಲೆಗೊಂಡಿರುವುದು ಅದರಲ್ಲಿಯೇ. ಸಂಗ್ರಹಾಲಯ ಕಿರಿದು. ಆದರೆ ಅದನ್ನು ಕಂಡು ಮಠದೊಳಗೆ ಹೋಗುವವರಿಗೆ ದಕ್ಷಿಣದ ಮೊಗಸಾಲೆಯಲ್ಲಿ ಎದುರಾಗುವ ಜಾಲರಿ ಕಿಟಕಿಯು ಛಾಯಾಗ್ರಹಣ ಚರಿತ್ರೆಯ ಒಂದು ಮುಖ್ಯ ಆಕರವೇ ಆಗಿದೆ.

1232ರಲ್ಲಿ ಸ್ಯಾಲಿಸ್‌ಬರಿಯ ಕೌಂಟೆಸ್ ಎಲಾ ಸ್ಥಾಪಿಸಿದ ಈ ಸನ್ಯಾಸಿನಿಯರ ಮಠವನ್ನು 8ನೆಯ ಹೆನ್ರಿಯ ಕಾಲದಲ್ಲಿ, 1539ರಲ್ಲಿ ಮುಚ್ಚಲಾಯಿತು. ಅನಂತರ ಅದು ವಾಸದ ಮನೆಯಾಯಿತು. ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ (1800–1877) ಇಲ್ಲಿಯ ನಿವಾಸಿ. ಗಣಿತಜ್ಞನಾಗಿದ್ದ ಈತ ಮುಂದೆ ಕ್ಯೂನಿಫಾರಂ ಶಾಸನಗಳ ಓದಿನಲ್ಲಿಯೂ ತೊಡಗಿದನು. 1857ರಲ್ಲಿ ಅಸ್ಸೀರಿಯಾದ ಒಂದು ಶಾಸನವನ್ನು ಪ್ರತ್ಯೇಕವಾಗಿ ಅನುವಾದಿಸಿದ ನಾಲ್ವರು ವಿದ್ವಾಂಸರಲ್ಲಿ ಈತನೂ ಒಬ್ಬ.

ಉಪ್ಪುನೀರಿನಲ್ಲಿ ನೆನೆಸಿ, ಬೆಳ್ಳಿಯ ಲವಣ ಸವರಿದ ಕಾಗದವನ್ನು ಟಾಲ್ಬಟ್ ಪುಟ್ಟ ಮರದ ಪೆಟ್ಟಿಗೆಗಳಲ್ಲಿ ಇರಿಸುತ್ತಿದ್ದನು. ಅವನ ಪತ್ನಿ ಅವನ್ನು ಇಲಿಬೋನುಗಳೆಂದು ಕರೆಯುತ್ತಿದ್ದಳು. 1835ರ ಆಗಸ್ಟಿನಲ್ಲಿ ಅಂತಹ ಕಾಗದದ ಮೇಲೆ ಆ ಕಿಟಕಿ ಮೂಡಿತು: ಗಾಜು ಕಪ್ಪಾಗಿ, ಸರಳುಗಳು ಬೆಳ್ಳಗಾಗಿ. ಇಂದು ಉಳಿದಿರುವ ಅತ್ಯಂತ ಹಳೆಯ ಛಾಯಾ ನೆಗೆಟಿವ್ ಇದೇ. ಅಂಚೆಚೀಟಿಯಷ್ಟೇ ಗಾತ್ರದ ಅದರ ಮೂಲ ಈಗ ಬ್ರಾಡ್‌ಫರ್ಡ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಡಾಗೇರನ ತಾಮ್ರಫಲಕದ ಚಿತ್ರ ಏಕಮಾತ್ರ ಪ್ರತಿ. ಟಾಲ್ಬಟ್‌ನ ನೆಗೆಟಿವ್ ಹಾಗಲ್ಲ. ಅದು ಅನೇಕ ಪ್ರತಿಗಳ ಮಾತೃಕೆ. 1841ರಲ್ಲಿ ಅವನು ಪೇಟೆಂಟ್ ಪಡೆದ ಕ್ಯಾಲೊಟೈಪ್ ಈ ತತ್ತ್ವವನ್ನೇ ಬೆಳೆಸಿತು. 1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಹಳೇಬೀಡು ಮತ್ತು ಬೇಲೂರುಗಳ ಗುಡಿಗಳನ್ನು ಚಿತ್ರಿಸಿದ್ದೂ ಕಾಗದದ ನೆಗೆಟಿವ್‌ಗಳ ಮೇಲೆಯೇ. ಹೊಯ್ಸಳ ಶಿಲ್ಪದ ಅಧ್ಯಯನಕ್ಕೆ ಒದಗುವ ಆರಂಭಿಕ ಛಾಯಾಸಾಕ್ಷ್ಯ ಈ ಪರಂಪರೆಯದು.

ಲೇಕಾಕ್‌ನ ಚಿತ್ರದ ಪಕ್ಕದಲ್ಲಿ ಟಾಲ್ಬಟ್ ಬರೆದಿಟ್ಟ ಟಿಪ್ಪಣಿಯೊಂದಿದೆ: ಚಿತ್ರ ಹೊಸದಾಗಿದ್ದಾಗ, ಮಸೂರದ ನೆರವಿನಿಂದ ಸುಮಾರು 200 ಗಾಜಿನ ತುಣುಕುಗಳನ್ನು ಎಣಿಸಬಹುದಿತ್ತೆಂಬುದು ಅದರ ಸಾರ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ಬರೆಯುವ ಪುಷ್ಪಿಕೆಯಂತಹ ಬರಹವಿದು. ಛಾಯಾಚಿತ್ರ ಎಲ್ಲವನ್ನೂ ತಾನೇ ಹೇಳುತ್ತದೆಂಬ ನಂಬಿಕೆ, ಅದರ ಆರಂಭಿಕ ಉದಾಹರಣೆಯೊಂದರಲ್ಲಿಯೇ ನಿಲ್ಲುವುದಿಲ್ಲ. ಬೆಳಕು ಬರೆದದ್ದು ಮಾಸಿತು. ಅದು ಎಷ್ಟು ಸ್ಪಷ್ಟವಾಗಿತ್ತೆಂಬುದನ್ನು ಉಳಿಸಿದ್ದು ಅಕ್ಷರ. ಮೂಲವಸ್ತು, ಪ್ರತಿ, ಟಿಪ್ಪಣಿ ಇವು ಮೂರನ್ನೂ ಕೂಡಿಸಿ ಓದಿದಾಗಲೇ ಚಿತ್ರವೂ ಚರಿತ್ರೆಯ ಆಕರವಾಗುತ್ತದೆ.