ವಿ.ಪಿ. ಪಾರ್ಸೆಲ್ಲು ಮತ್ತು ವಾಪಸಾತಿಯ ಅಂಚೆವೆಚ್ಚ

ಕಳೆದ ತಿಂಗಳು ನನ್ನ ಮೊಮ್ಮಗಳು ಅಂತರ್ಜಾಲದ ಅಂಗಡಿಯೊಂದರಿಂದ ಓದುವ ಮೇಜಿಗೆಂದು ದೀಪವೊಂದನ್ನು ತರಿಸಿದಳು. ಪೆಟ್ಟಿಗೆ ಹೇಳಿದ ದಿನಕ್ಕೇ ಬಂದಿತು. ದೀಪ ಮಾತ್ರ ಹತ್ತಲಿಲ್ಲ. ದೂರು ಕೊಟ್ಟಾಗ, ‘ಹಣ ಹಿಂದಿರುಗಿಸುತ್ತೇವೆ, ಆದರೆ ನಿಮ್ಮ ಪಿನ್‌ಕೋಡಿಗೆ ನಮ್ಮವರು ಬಂದು ಸಾಮಾನು ಒಯ್ಯುವ ವ್ಯವಸ್ಥೆಯಿಲ್ಲ, ನೀವೇ ಕೊರಿಯರ್ ಮಾಡಿ ಕಳುಹಿಸಿ’ ಎಂಬ ಉತ್ತರ ಬಂದಿತು. ಅವಳು ಸಿಟ್ಟಿನಿಂದ, “ತಾತಾ, ಕೆಟ್ಟದ್ದು ಅವರ ಸಾಮಾನು, ಕಳುಹಿಸೋ ದುಡ್ಡು ನಮ್ಮದಾ?” ಎಂದಳು. ಆ ಮಾತು ಕೇಳಿ ನಾನು ಒಂದು ಕ್ಷಣ ಸುಮ್ಮನಾದೆ. ಇದೇ ಪ್ರಶ್ನೆಯನ್ನು 1974ರಲ್ಲಿ ನನ್ನ ಎಂಟನೆಯ ತರಗತಿಯ ಹುಡುಗನೊಬ್ಬ ಕೇಳಿದ್ದ. ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಆ ತರಗತಿಯಲ್ಲಿದ್ದವರು ಇದನ್ನು ಓದುತ್ತಿದ್ದರೆ ಸೂಕ್ಷ್ಮದರ್ಶಕದ ಪ್ರಸಂಗವನ್ನು ಮರೆತಿರಲಾರಿರಿ. ನಮ್ಮ ಶಾಲೆಯಲ್ಲಿ ವಿಜ್ಞಾನದ ಉಪಕರಣವೆಂದರೆ ಒಂದು ಸ್ಪಿರಿಟ್ ದೀಪ ಮತ್ತು ಒಡಕು ಗಾಜಿನ ನಾಲ್ಕು ನಳಿಕೆಗಳು. ಮಾಸಪತ್ರಿಕೆಯೊಂದರ ಹಿಂಬದಿಯಲ್ಲಿ ಉತ್ತರದೇಶದ ಅಂಗಡಿಯೊಂದರ ಜಾಹೀರಾತು ಕಂಡು, ನಲವತ್ತೆರಡು ರೂಪಾಯಿಗೆ ಸೂಕ್ಷ್ಮದರ್ಶಕ ತರಿಸುವ ಉಮೇದು ನನಗೆ ಹತ್ತಿತು. ನಲವತ್ತೊಂದು ಮಕ್ಕಳು ತಲಾ ಎಂಟಾಣೆ ತಂದರು. ಉಳಿದದ್ದನ್ನು ನಾನು ಹಾಕಿದೆ. ವಿ.ಪಿ. ಪಾರ್ಸೆಲ್ಲು ಬಂದ ದಿನ ಪೋಸ್ಟ್‌ಮ್ಯಾನನಿಗೆ ಹಣ ಎಣಿಸಿಕೊಟ್ಟು, ಬಟ್ಟೆಯ ಹೊಲಿಗೆ ಬಿಚ್ಚಿ, ಅರಗಿನ ಮುದ್ರೆ ಒಡೆದು ನೋಡಿದರೆ, ಇದ್ದ ಎರಡು ಮಸೂರಗಳಲ್ಲಿ ದೊಡ್ಡದು ಸೀಳಿಹೋಗಿತ್ತು. ಅಂಗಡಿಯವರಿಗೆ ಬರೆದೆ. ‘ವಾಪಸು ಕಳುಹಿಸಿ, ಬದಲಿ ಕೊಡುತ್ತೇವೆ, ಅಂಚೆವೆಚ್ಚ ತಮ್ಮದು’ ಎಂದು ಕಾರ್ಡು ಬಂದಿತು. ಅದನ್ನು ತರಗತಿಯಲ್ಲಿ ಓದಿದಾಗಲೇ ಮೂರನೆಯ ಬೆಂಚಿನ ಆ ಹುಡುಗ ಎದ್ದು ನಿಂತು, “ಅವರ ತಪ್ಪಿಗೆ ನಾವ್ಯಾಕೆ ಕೊಡಬೇಕು ಸಾರ್?” ಎಂದದ್ದು. “ಕೂತ್ಕೋ” ಎಂದೆ. ಆರು ರೂಪಾಯಿ ಚಿಲ್ಲರೆ ತೆತ್ತು ರಿಜಿಸ್ಟರ್ಡ್ ಪಾರ್ಸೆಲ್ ಮಾಡಿದೆ. ಬದಲಿಯೂ ಬರಲಿಲ್ಲ, ಆಮೇಲೆ ಬರೆದ ಮೂರು ಪತ್ರಗಳಿಗೆ ಉತ್ತರವೂ ಬರಲಿಲ್ಲ.

ನಿವೃತ್ತನಾದ ಮೇಲೆ ಈ ವಿ.ಪಿ.ಯ ಚರಿತ್ರೆಯನ್ನು ಹುಡುಕಿಕೊಂಡು ಹೋದದ್ದು ಆ ಹುಡುಗನ ಪ್ರಶ್ನೆಯ ಕಾರಣದಿಂದಲೇ.

ವ್ಯಾಲ್ಯೂ ಪೇಯೆಬಲ್ ಪೋಸ್ಟ್ ಎಂಬ ವ್ಯವಸ್ಥೆ ಭಾರತದಲ್ಲಿ ಆರಂಭವಾದದ್ದು 1877ರಲ್ಲಿ. ಮನಿಯಾರ್ಡರಿನ ಕೆಲಸ ಅಂಚೆ ಇಲಾಖೆಯ ಕೈಗೆ ಬಂದದ್ದು 1880ರಲ್ಲಿ, ಅಂದರೆ ವಿ.ಪಿ. ಅದಕ್ಕಿಂತಲೂ ಹಿರಿಯದು. ನಮ್ಮ ಮೈಸೂರು ಸೀಮೆಯಲ್ಲಿ ಅರಸರ ಕಾಲದಿಂದ ಬಂದ ಪ್ರತ್ಯೇಕ ‘ಅಂಚೆ’ಯೇ ಇದ್ದು, 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಯಿತು. ವ್ಯವಸ್ಥೆ ಹೋದರೂ ಹೆಸರು ಮಾತ್ರ ಇಡೀ ಇಲಾಖೆಗೆ ಕನ್ನಡದಲ್ಲಿ ಉಳಿದುಕೊಂಡಿತು.

ವಿ.ಪಿ.ಯ ಜಾಣತನವಿದ್ದದ್ದು ಅಪರಿಚಿತರಿಬ್ಬರ ನಡುವೆ ಪೋಸ್ಟ್‌ಮ್ಯಾನನನ್ನು ನಿಲ್ಲಿಸಿದ್ದರಲ್ಲಿ. ಕಲ್ಕತ್ತೆಯ ವರ್ತಕನಿಗೆ ತುಮಕೂರಿನ ಗಿರಾಕಿಯ ಮೇಲೆ ನಂಬಿಕೆಯಿಲ್ಲ, ಗಿರಾಕಿಗೆ ವರ್ತಕನ ಮೇಲಿಲ್ಲ. ಇಬ್ಬರಿಗೂ ಸರಕಾರದ ಖಾಕಿ ಚೀಲದ ಮೇಲೆ ನಂಬಿಕೆ. ಹಣ ಕೊಟ್ಟರೆ ವಸ್ತು, ಕೊಡದಿದ್ದರೆ ವಸ್ತು ಕಳುಹಿಸಿದವನಿಗೇ ಮರಳುತ್ತದೆ. ಹಾಗೆ ಮರಳಿದರೆ ಬರುವಾಗ ಅಂಟಿಸಿದ ಅಂಚೆಚೀಟಿಯ ಹಣ ವರ್ತಕನಿಗೆ ನಷ್ಟ. ಆದಕಾರಣ ಅನೇಕ ಪುಸ್ತಕದಂಗಡಿಯವರು ಬೇಡಿಕೆಯ ಜೊತೆಗೆ ಒಂದಿಷ್ಟು ಮುಂಗಡ ಕೇಳುತ್ತಿದ್ದರು. ಇದು ವರ್ತಕನ ಕಡೆಯ ಕಷ್ಟ, ನ್ಯಾಯವಾದದ್ದೇ.

ಗಿರಾಕಿಯ ಕಷ್ಟ ಬೇರೆ. ಹಣ ಕೊಡುವವರೆಗೆ ಪೊಟ್ಟಣ ಬಿಚ್ಚುವಂತಿಲ್ಲ, ಬಿಚ್ಚಿದ ಮೇಲೆ ಹಣ ಕೈಯಲ್ಲಿಲ್ಲ. ಪೋಸ್ಟ್‌ಮ್ಯಾನನು ನಿಂತದ್ದು ಬೆಲೆಗೆ ಸಾಕ್ಷಿಯಾಗಿ. ಒಳಗಿನ ವಸ್ತುವಿನ ಗುಣಕ್ಕೆ ಸಾಕ್ಷಿಯಾಗಿ ಅಲ್ಲ. ಆಳುವವರಿಗೆ ಈ ಅಪಾಯ ತಿಳಿಯದೆ ಇರಲಿಲ್ಲ. 1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯ 35ನೆಯ ಕಲಮನ್ನು ಓದಿದರೆ ಅದು ಗೊತ್ತಾಗುತ್ತದೆ. ನಿಜವಾಗಿ ಬಂದ ಬೇಡಿಕೆಯ ಮೇಲೆಯೇ ಕಳುಹಿಸುತ್ತಿದ್ದೇನೆಂದು ಕಳುಹಿಸುವವನು ಘೋಷಿಸಬೇಕು ಎಂದು ನಿಯಮ ಮಾಡಬಹುದು. ಮೋಸದ ಸಂದರ್ಭದಲ್ಲಿ ವಸೂಲಾದ ಹಣವನ್ನು ತಡೆಹಿಡಿದು ವಿಳಾಸದಾರನಿಗೆ ಮರಳಿಸುವುದಕ್ಕೂ ನಿಯಮ ಮಾಡಬಹುದು ಎಂದು ಅಲ್ಲಿದೆ. ಆದರೆ ಸೀಳಿದ ಮಸೂರ ಮೋಸವೋ, ದಾರಿಯ ಕುಲುಕಾಟವೋ? ಅದನ್ನು ಯಾವ ಪೋಸ್ಟ್ ಮಾಸ್ತರರು ತೀರ್ಮಾನಿಸಿಯಾರು? (ಈ ಕಾಯಿದೆ ಈಗಿಲ್ಲ, 2023ರ ಹೊಸ ಅಂಚೆ ಕಾಯಿದೆ 2024ರ ಜೂನ್ 18ರಿಂದ ಅದರ ಸ್ಥಾನಕ್ಕೆ ಬಂದಿದೆ. ನಾನು ಆರು ರೂಪಾಯಿ ತೆತ್ತ ರಿಜಿಸ್ಟರ್ಡ್ ಅಂಚೆಯೂ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು.)

ಅಮೆರಿಕದಲ್ಲಿ ಇದೇ ಸುಮಾರಿಗೆ ಬೇರೊಂದು ದಾರಿ ತೆರೆದಿತ್ತು. ಶಿಕಾಗೋದ ಆರನ್ ಮಾಂಟ್‌ಗೊಮರಿ ವಾರ್ಡ್ ಎಂಬಾತ 1872ರಲ್ಲಿ ಒಂದೇ ಹಾಳೆಯ ಬೆಲೆಪಟ್ಟಿಯಿಂದ ರೈತರಿಗೆ ಅಂಚೆಯ ಮೂಲಕ ವ್ಯಾಪಾರ ಆರಂಭಿಸಿ, 1875ರಲ್ಲಿ ತೃಪ್ತಿಯಾಗದಿದ್ದರೆ ಹಣ ವಾಪಸು ಎಂಬ ಭರವಸೆ ಕೊಟ್ಟ. ನಮ್ಮಲ್ಲಿ ಭರವಸೆ ಕೊಟ್ಟದ್ದು ಅಂಚೆಯವರು, ಅಲ್ಲಿ ವರ್ತಕನೇ. ಈ ಭೇದ ಸಣ್ಣದಲ್ಲವೆಂದು ನನ್ನ ಎಣಿಕೆ. ಇನ್ನು ನಮ್ಮ ಗಳಗನಾಥರಂಥವರು ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಅಲ್ಲಿ ಓದುಗ ಹಾಳೆ ತಿರುವಿ ನೋಡಿಯೇ ಹಣ ಕೊಡಬಹುದಾಗಿತ್ತು. ಬೇಡವಾದರೆ ಹೊರೆ ಮತ್ತೆ ಗ್ರಂಥಕರ್ತರ ತಲೆಯ ಮೇಲೆ.

ಇಷ್ಟಾದ ಮೇಲೆ ಮುಖ್ಯ ವಿಷಯಕ್ಕೆ ಬರುತ್ತೇನೆ. 1872ರ ಕರಾರು ಕಾಯಿದೆಯೊಳಗಿದ್ದ ಸರಕು ಮಾರಾಟದ ಅಧ್ಯಾಯವನ್ನು ತೆಗೆದು, 1930ರಲ್ಲಿ ಸರಕುಗಳ ಮಾರಾಟ ಕಾಯಿದೆ ಎಂಬ ಪ್ರತ್ಯೇಕ ಕಾಯಿದೆ ಮಾಡಿದರು. ಆ ವರ್ಷದ ಜುಲೈ 1ರಿಂದ ಅದು ಜಾರಿಯಲ್ಲಿದೆ. ವರ್ಣನೆಯ ಮೇಲೆ ಮಾರಿದ ಸರಕು ವರ್ಣನೆಗೆ ಹೊಂದಬೇಕೆಂದು ಅದರ 15ನೆಯ ಕಲಮು ಹೇಳುತ್ತದೆ. ಬೆಲೆಪಟ್ಟಿ ನೋಡಿ ಕೊಂಡದ್ದೆಲ್ಲ ವರ್ಣನೆಯ ಮೇಲಿನ ಮಾರಾಟವೇ ಅಲ್ಲವೇ? ಮೊದಲೇ ನೋಡದೆ ಕೊಂಡವನಿಗೆ ಪರೀಕ್ಷಿಸಲು ಯುಕ್ತ ಅವಕಾಶ ಸಿಗುವವರೆಗೆ ಅವನು ಸರಕನ್ನು ಅಂಗೀಕರಿಸಿದಂತೆ ಎಣಿಸಬಾರದೆಂದು 41ನೆಯದು. ಎಂದರೆ, ಪೋಸ್ಟ್‌ಮ್ಯಾನನಿಗೆ ಹಣ ಕೊಟ್ಟ ಮಾತ್ರಕ್ಕೆ ನಾನು ಸೀಳಿದ ಮಸೂರವನ್ನು ಒಪ್ಪಿಕೊಂಡಂತಾಗಿರಲಿಲ್ಲ. ಇವೆರಡಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು 43ನೆಯ ಕಲಮು. ನಿರಾಕರಿಸುವ ಹಕ್ಕುಳ್ಳ ಕೊಳ್ಳುಗನು ಸರಕನ್ನು ನಿರಾಕರಿಸಿದಾಗ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಅದನ್ನು ಮಾರಿದವನಿಗೆ ಹಿಂದಿರುಗಿಸಲು ಬದ್ಧನಲ್ಲ; ನಿರಾಕರಿಸಿದ್ದೇನೆಂದು ತಿಳಿಸಿದರೆ ಸಾಕು. ಬೇಕಾದವನು ಬಂದು ಒಯ್ಯಲಿ ಎಂಬುದೇ ಅದರ ತಾತ್ಪರ್ಯ. ಈ ತತ್ತ್ವ 1893ರ ಇಂಗ್ಲೆಂಡಿನ ಕಾಯಿದೆಯಿಂದ ಬಂದದ್ದು.

ಅಂದರೆ ಆ ಹುಡುಗ ಪ್ರಶ್ನೆ ಕೇಳುವ ನಲವತ್ತನಾಲ್ಕು ವರ್ಷ ಮೊದಲೇ ಉತ್ತರ ಅಚ್ಚಾಗಿತ್ತು. ನಾನೋ ಪೌರನೀತಿ ಪಾಠ ಮಾಡುತ್ತಿದ್ದವನು! ಸಂವಿಧಾನದ ಮೂಲಭೂತ ಹಕ್ಕುಗಳನ್ನು ಬಾಯಿಪಾಠ ಮಾಡಿಸಿದೆ. ಎಂಟಾಣೆಯ ಹಕ್ಕನ್ನು ಹೇಳಿಕೊಡಲಿಲ್ಲ.

ಕಾಯಿದೆ ಗೊತ್ತಿದ್ದರೂ ಹಣ ಬರುತ್ತಿತ್ತೆಂದು ಹೇಳಲಾರೆ. ನಲವತ್ತೆರಡು ರೂಪಾಯಿಗಾಗಿ ಯಾವ ಸಿವಿಲ್ ಕೋರ್ಟಿಗೆ ಹೋಗುವುದು? ಆ ಕೊರತೆಯನ್ನು ತಕ್ಕಮಟ್ಟಿಗೆ ನೀಗಿದ್ದು 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಮತ್ತು ಅದರಡಿ ಬಂದ ಜಿಲ್ಲಾ ವೇದಿಕೆಗಳು. ಆಗಲೂ ದೂರು ಕೊಡಬೇಕಾದದ್ದು ಮಾರಾಟಗಾರನಿರುವ ಊರಿನಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಊರಿನಲ್ಲಿ. ಗ್ರಾಹಕ ತಾನು ವಾಸಿಸುವ ಊರಿನಲ್ಲೇ ದೂರು ಸಲ್ಲಿಸಬಹುದೆಂದು ಸ್ಪಷ್ಟವಾಗಿ ಹೇಳಿದ್ದು 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಕಾಯಿದೆ.

ಈ ನಡುವೆ ವಿ.ಪಿ. ಹೊಸ ವೇಷದಲ್ಲಿ ಬಂದಿತ್ತು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಮನೆಬಾಗಿಲಲ್ಲಿ ಹಣ ಪಡೆಯುವ ಪದ್ಧತಿ ತಂದಾಗ ಹುಡುಗರೆಲ್ಲ ಹೊಸ ಶೋಧವೆಂದು ಬೆರಗಾದರು. ನಮ್ಮಂಥ ಹಳಬರಿಗೆ ಅದು 1877ರ ಮೊಮ್ಮಗುವಾಗಿಯೇ ಕಂಡಿತು.

2020ರ ಜುಲೈ 23ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೋಷವುಳ್ಳ ಸರಕನ್ನು, ಅಥವಾ ಜಾಹೀರಾತಿನ ವರ್ಣನೆಗೆ ಹೊಂದದ ಸರಕನ್ನು ವಾಪಸು ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ; ವಾಪಸಾತಿಯ ಸಾಗಣೆವೆಚ್ಚದ ವಿವರವನ್ನು ಅವನು ಸ್ಪಷ್ಟವಾಗಿ ತಿಳಿಸಬೇಕು. ಗಮನಿಸಿರಿ: ತಿಳಿಸಬೇಕು ಎಂದಿದೆ, ತಾನೇ ಭರಿಸಬೇಕು ಎಂದಿಲ್ಲ. ಸಣ್ಣ ಅಕ್ಷರದ ಷರತ್ತಿನಲ್ಲಿ ‘ವೆಚ್ಚ ಗ್ರಾಹಕರದು’ ಎಂದು ಬರೆದು ಅದಕ್ಕೆ ನಮ್ಮ ಒಪ್ಪಿಗೆಯ ಗುರುತು ಹಾಕಿಸಿಕೊಂಡರೆ, 1930ರ ಕಾಯಿದೆಯ ‘ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ’ ಎಂಬ ಮಾತು ಅವರ ನೆರವಿಗೆ ಹೋಗುವ ಸಂಭವವಿದೆ. ಆದುದರಿಂದ ಕೊಳ್ಳುವ ಮೊದಲು ಆ ಸಾಲನ್ನು ಓದಿರಿ. ಕೆಟ್ಟದ್ದು ಬಂದರೆ ತಡಮಾಡದೆ ಬರೆದು ತಿಳಿಸಿರಿ. ಯುಕ್ತ ಕಾಲ ಮೀರಿ ಸುಮ್ಮನಿದ್ದರೆ ಅಂಗೀಕರಿಸಿದಂತೆಯೇ ಎಂದು 42ನೆಯ ಕಲಮು ಹೇಳುತ್ತದೆ.

ಮೊಮ್ಮಗಳ ದೀಪದ ಅಂಗಡಿಯ ಷರತ್ತುಗಳನ್ನು ಇಬ್ಬರೂ ಕೂತು ಓದಿದೆವು. ದೋಷವಿದ್ದ ಸಾಮಾನಿನ ವಾಪಸಾತಿಗೆ ವೆಚ್ಚ ಯಾರದೆಂದು ಅಲ್ಲಿ ಎಲ್ಲಿಯೂ ಇರಲಿಲ್ಲ. ದೀಪವನ್ನು ನಿರಾಕರಿಸಿದ್ದೇವೆ, ಪೆಟ್ಟಿಗೆ ಸಮೇತ ನಮ್ಮಲ್ಲಿ ಭದ್ರವಾಗಿದೆ, ತಾವು ತರಿಸಿಕೊಳ್ಳಬಹುದು ಎಂದು 43ನೆಯ ಕಲಮನ್ನು ಉಲ್ಲೇಖಿಸಿ ಅವಳ ಕೈಯಿಂದಲೇ ಬರೆಸಿದೆ. ಐದನೆಯ ದಿನ ಹಣ ಬಂದಿತು. ದೀಪವನ್ನು ಒಯ್ಯಲು ಇನ್ನೂ ಯಾರೂ ಬಂದಿಲ್ಲ, ಅಟ್ಟದ ಮೇಲಿದೆ.

ಒಂದು ಸಂಕಟ ಮಾತ್ರ ಉಳಿದಿದೆ. ಆ ಸೂಕ್ಷ್ಮದರ್ಶಕದ ಚಿಕ್ಕ ಮಸೂರ ಚೆನ್ನಾಗಿಯೇ ಇತ್ತು. ಈರುಳ್ಳಿಯ ಪೊರೆಯನ್ನು ಅದರಲ್ಲಿ ನೋಡಬಹುದಾಗಿತ್ತು. ಬಳಸಿದರೆ ಕಾಯಿದೆಯ ಕಣ್ಣಿನಲ್ಲಿ ಅಂಗೀಕರಿಸಿದಂತಾಗುತ್ತಿತ್ತೇನೋ, ಆಗಲಿ. ನಲವತ್ತೊಂದು ಮಕ್ಕಳು ಜೀವಕೋಶವನ್ನು ಕಂಡಿರುತ್ತಿದ್ದರು. ನಾನು ಅದನ್ನೂ ಕಟ್ಟಿ ಕಳುಹಿಸಿಬಿಟ್ಟೆ. “ಬರುತ್ತದೆ” ಎಂದು ವರ್ಷವಿಡೀ ಹೇಳಿದೆ. ಮಾರ್ಚಿ ಬಂತು, ತರಗತಿ ಮುಗಿಯಿತು.

ಮೂರನೆಯ ಬೆಂಚಿನ ಆ ಹುಡುಗ ಈಗ ತಾನೂ ನಿವೃತ್ತನಾಗಿ, ನಾನು ಬರೆದದ್ದನ್ನೆಲ್ಲ ಓದುತ್ತಾನೆಂದು ಕೇಳಿದ್ದೇನೆ. ಅಪ್ಪಾ, ನಾವು ಕೊಡಬೇಕಾಗಿರಲಿಲ್ಲ. ಹದಿನೈದು ಪೈಸೆಯದೋ ಎಷ್ಟರದೋ ಒಂದು ಕಾರ್ಡು ಬರೆದಿದ್ದರೆ ಸಾಕಾಗಿತ್ತು.